ಹುಳುವಿಗೆ ಜ್ವರ, ಅಜ್ಜಿಗೆ ರಜೆ

ನಮ್ಮೂರಿನಲ್ಲಿ ಸುಮ್ಮನೆ ನಡೆಯುವವರು ಯಾರೂ ಇರಲಿಲ್ಲ. ನಡೆಯುವವರೆಲ್ಲ ಎಲ್ಲಿಗಾದರೂ ಹೋಗುತ್ತಿದ್ದರು, ಇಲ್ಲವೇ ಎಲ್ಲಿಂದಲಾದರೂ ಬರುತ್ತಿದ್ದರು. ತೋಟಕ್ಕೆ, ಗಿರಣಿಗೆ, ಹೆಣ್ಣು ನೋಡಲಿಕ್ಕೆ, ಸಾವಿನ ಮನೆಗೆ. ಎದುರಿಗೆ ಸಿಕ್ಕವರನ್ನು "ಎಲ್ಲಿಗೆ?" ಎಂದು ಕೇಳುವುದು ನಮ್ಮಲ್ಲಿ ನಮಸ್ಕಾರವಿದ್ದಂತೆ. ಕೇಳದೆ ಹೋದರೆ ಮುನಿಸು, ಉತ್ತರ ಕೊಡದೆ ಹೋದರೆ ಜಂಭ. ಕೈಯಲ್ಲಿ ಏನೂ ಇಲ್ಲದೆ, ಯಾವ ಕೆಲಸವೂ ಇಲ್ಲದೆ ಬೀದಿ ಹಿಡಿದು ನಡೆದವರನ್ನು ಕಂಡರೆ ಊರಿಗೆ ಹೊಳೆಯುತ್ತಿದ್ದದ್ದು ಎರಡೇ: ಒಂದೋ ಮನೆಯಲ್ಲಿ ಜಗಳ ಆಡಿಕೊಂಡು ಬಂದಿದ್ದಾರೆ, ಇಲ್ಲವೇ ತಲೆ ಕೆಟ್ಟಿದೆ. ನಮ್ಮಜ್ಜಿ ಕೆಂಪಮ್ಮ ದಿನಕ್ಕೊಂದು ಗಂಟೆ ನಡೆಯಬೇಕೆಂದು ಡಾಕ್ಟರು ಹೇಳಿದ್ದು ಇಂಥ ಊರಿನಲ್ಲಿ.

ವಿರೂಪಾಕ್ಷಿಪುರದಲ್ಲಿ ಬಸ್ಸಿಳಿದು ಒಳಕ್ಕೆ ನಡೆದರೆ ಸಿಗುವ ಊರು ಅದು. ರೇಷ್ಮೆಗೆ ಕಾಲ ಬಂದಿದ್ದ ವರ್ಷಗಳು. ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗಿ, ಯಾರ ಮನೆ ಬಾಗಿಲಿಗೆ ಹೋದರೂ ಸೊಪ್ಪಿನ ಹಸಿ ವಾಸನೆಯೇ ಮೂಗಿಗೆ ಬಡಿಯುತ್ತಿತ್ತು. ನಮ್ಮ ಮನೆ ಹೆಸರಿಗೆ ಮಾತ್ರ ನಮ್ಮದು. ನಡುಮನೆಯನ್ನು ಪೂರ್ತಿ ಹುಳುಗಳಿಗೆ ಬಿಟ್ಟುಕೊಟ್ಟು ನಾವು ಜಗಲಿಯಲ್ಲಿ, ಅಡುಗೆಮನೆಯ ಮೂಲೆಯಲ್ಲಿ, ಕೊಟ್ಟಿಗೆಯ ಪಕ್ಕದಲ್ಲಿ ಹೇಗೋ ಹೊಂದಿಕೊಂಡಿದ್ದೆವು. ಒಳಗೆ ಬಿದಿರಿನ ತಟ್ಟೆಗಳು ಒಂದರ ಮೇಲೊಂದು ಸೂರಿನವರೆಗೆ ಏರಿರುತ್ತಿದ್ದವು. ತಟ್ಟೆ ಹೊತ್ತ ಮರದ ಕಾಲುಗಳಿಗೆ ಇರುವೆ ಹತ್ತದಂತೆ ನೀರಿನ ಬಟ್ಟಲು. ಒಳಗೆ ಹೋಗಬೇಕಾದರೆ ಕಾಲು ತೊಳೆಯಬೇಕು, ಹೊರಗಿನವರು ಹೊಸಿಲು ದಾಟುವಂತಿಲ್ಲ, ಬೀಡಿ ಹಚ್ಚುವಂತಿಲ್ಲ, ಒಗ್ಗರಣೆ ಸಿಡಿಸುವಂತಿಲ್ಲ. ನನಗೆ ನೆಗಡಿ ಬಂದರೆ ಅಮ್ಮ ಕಷಾಯ ಕಾಯಿಸುತ್ತಿದ್ದಳು. ಅಜ್ಜಿ ಮಾತ್ರ ಹುಳುಗಳ ಮೇಲೆ ಸೀನಬೇಡವೆಂದು ಹಿತ್ತಲಿಗೆ ಅಟ್ಟುತ್ತಿದ್ದಳು. ಈ ಕಾನೂನುಗಳನ್ನೆಲ್ಲ ಮಾಡಿದವಳೂ ಅವಳೇ, ಕಾಯುತ್ತಿದ್ದವಳೂ ಅವಳೇ. ಆ ಕೋಣೆಯೊಳಗೆ ಅಪ್ಪನ ಮಾತೂ ನಡೆಯುತ್ತಿರಲಿಲ್ಲ.

ಹುಳು ಬೆಳೆಯುವ ನಾಲ್ಕು ವಾರದಲ್ಲಿ ನಾಲ್ಕು ಸಲ ತಿನ್ನುವುದನ್ನು ಬಿಟ್ಟು, ತಲೆಯೆತ್ತಿಕೊಂಡು, ಕದಲದೆ ಕೂತುಬಿಡುತ್ತದೆ. ಹಳೆಯ ಚರ್ಮ ಕಳಚಿ ಹೊಸದನ್ನು ತೊಡುವ ಹೊತ್ತು ಅದು. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ ಬಂದದ್ದೂ ಹೋದದ್ದೂ ತಿಳಿಯುವುದಿಲ್ಲ. ಮೂರು ಮತ್ತು ನಾಲ್ಕನೇ ಜ್ವರ ಮಾತ್ರ ಮನೆಮಂದಿಗೆಲ್ಲ ಹಬ್ಬ, ಯಾಕೆಂದರೆ ಸೊಪ್ಪು ಕೊಯ್ಯುವಂತಿಲ್ಲ, ಹೊರುವಂತಿಲ್ಲ, ಹಾಕುವಂತಿಲ್ಲ. ಖಾಲಿಯಾದ ಕೈಗಳಿಗೆ ಅಜ್ಜಿ ಒತ್ತುಶಾವಿಗೆಯ ಕೆಲಸ ಹಚ್ಚುತ್ತಿದ್ದಳು. ಬೆಂದ ಅಕ್ಕಿಹಿಟ್ಟಿನ ಉಂಡೆಯನ್ನು ಮರದ ಒತ್ತಿಗೆ ತುಂಬಿ, ಅಪ್ಪ ಅದರ ಹಿಡಿಯ ಮೇಲೆ ಪೂರ್ತಿ ಭಾರ ಹಾಕಿ ಜೋತುಬಿದ್ದರೆ, ಕೆಳಗೆ ಬಿಳಿ ಎಳೆಗಳು ಇಳಿದು ಸುತ್ತಿಕೊಳ್ಳುತ್ತಿದ್ದವು. ಅದಕ್ಕೆ ಬೆಲ್ಲ ಕರಗಿಸಿದ ಕಾಯಿಹಾಲು. ಶಾವಿಗೆಯ ಎಳೆ ತುಂಡಾಗದೆ ಬಂದರೆ ಗೂಡಿನ ನೂಲೂ ತುಂಡಾಗುವುದಿಲ್ಲ ಎಂದು ಅಜ್ಜಿ ನಂಬಿದ್ದಳು. ನಾನು ಅಷ್ಟೆಲ್ಲ ಯೋಚಿಸದೆ ತಿನ್ನುತ್ತಿದ್ದೆ.

ರೇಷ್ಮೆ ನಮ್ಮನ್ನು ಮೇಲೆತ್ತಿತು, ಅಜ್ಜಿಯನ್ನು ಕೂರಿಸಿತು. ಮೊದಲೆಲ್ಲ ದಿನಕ್ಕೆ ನಾಲ್ಕೈದು ಸಲ ತೋಟಕ್ಕೂ ಮನೆಗೂ ಸೊಪ್ಪಿನ ಹೊರೆ ಹೊತ್ತು ನಡೆದವಳು ಅವಳು. ಕೈಯಲ್ಲಿ ನಾಲ್ಕು ಕಾಸು ಕೂಡಿದ ಮೇಲೆ ಅಪ್ಪ ಮೊಪೆಡ್ ತಂದ, ಸೊಪ್ಪು ಹೊರಲು ಆಳು ಇಟ್ಟ, ತಾಯಿಗೆಂದು ಚನ್ನಪಟ್ಟಣದಿಂದ ಬೆತ್ತದ ಕುರ್ಚಿಯನ್ನು ಮೊಪೆಡ್ಡಿನ ಹಿಂದೆ ಕಟ್ಟಿಕೊಂಡು ಬಂದ. "ನಮ್ಮವ್ವ ಇನ್ಮೇಲೆ ಕುಂತು ಉಣ್ಬೇಕು" ಎಂದು ಊರಿಗೆಲ್ಲ ಕೇಳುವ ಹಾಗೆ ಹೇಳಿದ. ಮಗನ ಮಾತನ್ನು ಅಜ್ಜಿ ಚಾಚೂ ತಪ್ಪದೆ ನಡೆಸಿಕೊಟ್ಟಳು. ಕುಂತಳು, ಉಂಡಳು. ಎರಡು ಮುದ್ದೆ, ಮೇಲೆ ಅನ್ನ, ಹಲಸಿನ ಕಾಲದಲ್ಲಿ ಹಲಸು, ಮಾವಿನ ಕಾಲದಲ್ಲಿ ಮಾವು, ಎಲ್ಲ ಕಾಲದಲ್ಲೂ ಬೆಲ್ಲದ ಕಾಫಿ. ಬೇಡವೆನ್ನಲು ಯಾರಿಗೂ ತೋಚಲಿಲ್ಲ. ಉಣ್ಣುವುದಕ್ಕಲ್ಲವೇ ದುಡಿದದ್ದು?

ಕಾಯಿಲೆ ಕಾಲಿನಿಂದ ಬೆಳಕಿಗೆ ಬಂತು. ಹಣ್ಣಾದ ಹುಳುಗಳು ಗೂಡು ಕಟ್ಟಲಿ ಎಂದು ಬಿಡುವ ಬಿದಿರಿನ ದೊಡ್ಡ ಚಾಪೆಗೆ ಚಂದ್ರಂಕಿ ಎನ್ನುತ್ತಾರೆ. ಅದರದೊಂದು ಸಿಬರು ಅಜ್ಜಿಯ ಅಂಗಾಲಿಗೆ ಹೊಕ್ಕಿತ್ತು. ನಾಲ್ಕು ದಿನ ಅದರ ಮೇಲೆಯೇ ಓಡಾಡಿದರೂ ಅವಳಿಗೆ ಗೊತ್ತಾಗಿರಲಿಲ್ಲ. ಕಾಲು ತೊಳೆದು ಬಂದವಳ ಹೆಜ್ಜೆಯ ಗುರುತಿನಲ್ಲಿ ರಕ್ತ ಕಂಡು ಕೂಗಿಕೊಂಡವಳು ನಾನು. ಅಪ್ಪ ಮೊಪೆಡ್ಡಿನಲ್ಲಿ ಕೂರಿಸಿಕೊಂಡು, ನನ್ನನ್ನೂ ನಡುವೆ ಸಿಕ್ಕಿಸಿಕೊಂಡು, ಚನ್ನಪಟ್ಟಣದ ಡಾಕ್ಟರ ಹತ್ತಿರ ಹೊರಟ. ಡಾಕ್ಟರು ಗಾಯ ನೋಡಿದರು, ಆಮೇಲೆ ಸಣ್ಣ ಗಾಜಿನ ಕೊಳವೆಯಲ್ಲಿ ನೀಲಿ ನೀರಿಗೆ ಅಜ್ಜಿಯ ಮೂತ್ರದ ಕೆಲವು ಹನಿ ಬೆರೆಸಿ ದೀಪದ ಮೇಲೆ ಕಾಯಿಸಿದರು. ನೀಲಿ ಹಸಿರಾಯಿತು, ಹಳದಿಯಾಯಿತು, ಕೊನೆಗೆ ಇಟ್ಟಿಗೆಯ ಬಣ್ಣಕ್ಕೆ ಬಂದು ನಿಂತಿತು. ನಾನು ಚಪ್ಪಾಳೆ ತಟ್ಟಿದೆ. ಡಾಕ್ಟರು ನನ್ನನ್ನು ದುರುಗುಟ್ಟಿ ನೋಡಿದರು.

"ಸಕ್ಕರೆ ಕಾಯಿಲೆ ಅಮ್ಮ. ಚೆನ್ನಾಗಿ ಬೆಳೆದಿದೆ. ಮಾತ್ರೆ ಕೊಡ್ತೀನಿ, ಆದ್ರೆ ಮಾತ್ರೆಯೊಂದೇ ಸಾಲಲ್ಲ. ಊಟ ಅರ್ಧ ಆಗಬೇಕು. ಗಾಯ ಒಣಗಿದ ಮೇಲೆ ದಿನಾ ಒಂದು ಗಂಟೆ ನಡೀಬೇಕು. ಊಟ ಆದ ಮೇಲೆ ಕೂರಬೇಡಿ, ನಡೀರಿ. ನಡೆದಾಗ ಮೈ ತಾನೇ ಸಕ್ಕರೇನ ಉರಿಸಿಕೊಳ್ಳತ್ತೆ."

"ನಡೀದೇ ಇದ್ರೆ ಏನಾಯ್ತದೆ ಸಾಮಿ?"

"ಮೂರು ತಿಂಗಳು ನೋಡ್ತೀನಿ. ಇಳಿದಿಲ್ಲ ಅಂದ್ರೆ ದಿನಾ ಸೂಜಿ ಚುಚ್ಚಬೇಕು. ಆ ಔಷಧಿ ಫ್ರಿಜ್ಜಲ್ಲಿ ಇಡಬೇಕು. ನಿಮ್ಮೂರಲ್ಲಿ ಫ್ರಿಜ್ ಇದೆಯಾ? ಚುಚ್ಚೋರು ಇದ್ದಾರಾ?"

ಎರಡೂ ಇರಲಿಲ್ಲ. ಎರಡೂ ಇದ್ದದ್ದು ರಾಮನಗರದಲ್ಲಿ, ಅಜ್ಜಿಯ ಮಗಳು ಜಯತ್ತೆಯ ಮನೆಯಲ್ಲಿ. ಅವಳ ಮನೆಯಲ್ಲಿ ಫ್ರಿಜ್ಜಿತ್ತು, ಪಕ್ಕದ ಮನೆಯಲ್ಲೇ ನರ್ಸ್ ಇದ್ದರು. ಸುದ್ದಿ ಮುಟ್ಟಿದ ಮಾರನೆಯ ದಿನವೇ ಜಯತ್ತೆ ಬಂದಿಳಿದಳು. ಜೊತೆಗೆ ತಾಯಿಯ ಸೀರೆಗಳನ್ನು ತುಂಬಲು ಒಂದು ಹೊಸ ಕೆಂಪು ಏರ್‌ಬ್ಯಾಗು. ಅವಳ ಪ್ರೀತಿಯಲ್ಲಿ ಕಪಟವಿರಲಿಲ್ಲ. ಆದರೆ ಅಜ್ಜಿಗೆ ಆ ಮನೆಯೆಂದರೆ ಆಗುತ್ತಿರಲಿಲ್ಲ. ಅಲ್ಲಿ ಹುಳು ಇರಲಿಲ್ಲ, ಹಿತ್ತಲಿರಲಿಲ್ಲ, ಹೊಸ ಸೋಫಾಕ್ಕೆ ಹೊದಿಸಿದ್ದ ಪ್ಲಾಸ್ಟಿಕ್ಕನ್ನು ಯಾರೂ ತೆಗೆಯುವಂತಿರಲಿಲ್ಲ.

"ಬಾ ಅವ್ವ, ಈಗ್ಲೇ ಬಂದ್ಬುಡು. ಫ್ರಿಜ್ಜು ಐತೆ, ತಣ್ಣೀರು ಐತೆ, ಯಾವ್ ಕಷ್ಟಾನೂ ಇಲ್ಲ."

"ನನ್ನೂ ಆ ಫ್ರಿಜ್ಜೊಳಗೇ ಇಟ್ಬುಡು. ಕೆಡ್ದಂಗೆ ಇರ್ತೀನಿ."

"ತಮಾಷೆ ಮಾಡ್ಬ್ಯಾಡ ಅವ್ವ. ಗಾಯ ಕೊಳ್ತು ಕಾಲೇ ಒಂಟೋದ್ರೆ ಏನ್ ಮಾಡೀಯೆ?"

"ಮೂರು ತಿಂಗ್ಳು ಕೊಟ್ಟವ್ರೆ ಕಣೇ. ಮೂರು ತಿಂಗ್ಳಾದ್ಮೇಲೆ ನೋಡಾನ."

ಜಯತ್ತೆ ಬ್ಯಾಗನ್ನು ವಾಪಸು ಒಯ್ಯಲಿಲ್ಲ. ಹುಳುವಿನ ಕೋಣೆಯ ಬಾಗಿಲ ಪಕ್ಕದ ಗೂಟಕ್ಕೆ ನೇತುಹಾಕಿ ಹೋದಳು. ಒಳಗೆ ಹೋಗುವಾಗ, ಹೊರಗೆ ಬರುವಾಗ ಅದು ಅಜ್ಜಿಯ ಭುಜಕ್ಕೆ ತಾಗುತ್ತಿತ್ತು. ಅವಳು ಅದನ್ನು ತೆಗೆದಿಡಲೂ ಇಲ್ಲ, ಅದರ ಕಡೆ ನೋಡಲೂ ಇಲ್ಲ. ಅವಳು ಹೋಗಿಬಿಟ್ಟರೆ ಈ ಮನೆಯಲ್ಲಿ ನಾನು ಯಾರ ಪಕ್ಕ ಮಲಗಲಿ ಎಂದು ನನಗೆ ಭಯವಾಗುತ್ತಿತ್ತು. ಹುಳುಗಳಿಗೂ ಹಾಗೆಯೇ ಅನ್ನಿಸೀತು ಎಂದುಕೊಂಡಿದ್ದೆ.

ಡಾಕ್ಟರು ಆ ನೀಲಿ ನೀರಿನ ಬಾಟಲಿಯೊಂದನ್ನು ಕೊಟ್ಟು ಮನೆಯಲ್ಲೇ ನೋಡಿಕೊಳ್ಳಿ ಎಂದಿದ್ದರು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ, ಇಟ್ಟಿಗೆಯ ಬಣ್ಣಕ್ಕೆ ಹತ್ತಿರವಾದಷ್ಟೂ ಹೆಚ್ಚು. ಅಪ್ಪ ವಿಧಾನವನ್ನು ಒಂದು ಸಲ ಕಲಿತ, ನನಗೆ ಕಲಿಸಿ ಕೈತೊಳೆದುಕೊಂಡ. ಬೇಸಿಗೆ ರಜೆಯಲ್ಲಿದ್ದ ಹತ್ತು ವರ್ಷದ ಹುಡುಗಿಗೆ ಇದಕ್ಕಿಂತ ದೊಡ್ಡ ಹುದ್ದೆ ಇನ್ನೇನಿದೆ! ಆದರೆ ಎಲ್ಲಿ ಕಾಯಿಸುವುದು? ಹುಳುವಿನ ಕೋಣೆಯ ಗಾಳಿಗೆ ಸೋಕಬಾರದು, ಅಡುಗೆ ಒಲೆಯ ಹತ್ತಿರ ಸುಳಿಯಬಾರದು. "ಉಚ್ಚೆ ಬೇಯ್ಸೋ ಮನೆ ಅಂತ ಊರಲ್ಲಿ ಎಸ್ರಾಯ್ತದೆ, ಬುಡ್ರಪ್ಪ" ಎಂದು ಅಜ್ಜಿ ತಲೆ ಚಚ್ಚಿಕೊಂಡಳು. ಕೊನೆಗೆ ಕೊಟ್ಟಿಗೆಯ ಹಿಂದಿನ ಹುಣಸೆಮರದ ಬುಡವೇ ನನ್ನ ಪ್ರಯೋಗಶಾಲೆಯಾಯಿತು. ಸ್ಪಿರಿಟ್ ದೀಪ ಹಚ್ಚಿ, ಇಕ್ಕಳದಲ್ಲಿ ಕೊಳವೆ ಹಿಡಿದು ನಾನು ಕೂರುತ್ತಿದ್ದೆ, ಅಜ್ಜಿ ದೂರ ನಿಂತು, ಮುಖ ಆ ಕಡೆ ತಿರುಗಿಸಿಕೊಂಡು, "ಏನಂತೆ?" ಎನ್ನುತ್ತಿದ್ದಳು. ಹುಳು ಹಳದಿಗೆ ತಿರುಗಿದರೆ ಹಣ್ಣಾಯಿತೆಂದು ಹಿಗ್ಗುವವಳು ಕೊಳವೆ ಹಳದಿಗೆ ತಿರುಗಿದರೆ ಕುಗ್ಗುತ್ತಿದ್ದಳು. ಇಷ್ಟು ವರ್ಷಗಳ ಮೇಲೆ ಈಗ ನನಗೂ ಅದೇ ಸಕ್ಕರೆ ಕಾಯಿಲೆ. ಬೆರಳ ತುದಿಯ ಒಂದು ಹನಿ ರಕ್ತಕ್ಕೆ ಪುಟ್ಟ ಯಂತ್ರ ಅಂಕಿ ತೋರಿಸುತ್ತದೆ, ಯಾರೂ ಮರದ ಕೆಳಗೆ ಕೂರಬೇಕಿಲ್ಲ. ಆದರೂ ಅಂಕಿಗಿಂತ ಆ ಬಣ್ಣಗಳೇ ಚೆನ್ನಾಗಿದ್ದವು.

ಗಾಯ ಒಣಗಿತು. ಅಪ್ಪ ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ತಂದುಕೊಟ್ಟ. ನಡೆಯುವ ದಿನ ಬಂದೇಬಿಟ್ಟಿತು. ಬೆಳಗಿನ ಊಟ ಮುಗಿಸಿ ಅಜ್ಜಿ ಜಗಲಿಯ ಕೊನೆಯವರೆಗೆ ಬಂದು ನಿಂತಳು, ಬೀದಿ ನೋಡಿದಳು, ಒಳಗೆ ಹೋದಳು, ಮತ್ತೆ ಬಂದಳು. ಮದುವೆಯಾಗಿ ಬಂದ ದಿನವೂ ಆ ಬೀದಿಗಿಳಿಯಲು ಅವಳು ಅಷ್ಟು ಹಿಂಜರಿದಿರಲಾರಳು.

"ಪುಟ್ಟಿ, ಯಾರಾದ್ರೂ ಎಲ್ಲಿಗೆ ಅಂದ್ರೆ ಏನನ್ನಾನ?"

"ನಡೆಯಕ್ಕೆ ಅನ್ನು."

"ನಡೆಯಕ್ಕೆ ಅಂದ್ರೆ ನಗಾಕಿಲ್ವೇನೇ ಜನ?"

ಕೊನೆಗೆ ಕೊಟ್ಟಿಗೆಗೆ ಹೋಗಿ ಕರುವಿನ ಹಗ್ಗವೊಂದನ್ನು ಹೆಗಲಿಗೆ ಹಾಕಿಕೊಂಡು ಬಂದಳು. ಹೆಗಲಲ್ಲಿ ಖಾಲಿ ಹಗ್ಗವಿದ್ದರೆ ಉತ್ತರ ತಾನಾಗಿಯೇ ಸಿಕ್ಕ ಹಾಗೆ. ಅರಳಿಕಟ್ಟೆಯ ಹತ್ತಿರ ಮೊದಲ "ಎಲ್ಲಿಗೆ?" ಬಂತು. "ಕರ ತಪ್ಪಿಸ್ಕತು ಕಣಪ್ಪ, ಹುಡುಕ್ತಾ ಇವ್ನಿ" ಎಂದಳು ಅಜ್ಜಿ, ಕಣ್ಣು ಮಿಟುಕಿಸದೆ. ಅಲ್ಲಿಂದ ಕೆರೆಯ ಏರಿಯವರೆಗೆ ಹೋಗಿ ನಾವಿಬ್ಬರೂ ಹಿಂದಿರುಗುವ ಹೊತ್ತಿಗೆ ಊರಿಗೆ ಊರೇ ಎದ್ದುಬಿಟ್ಟಿತ್ತು. ಕಟ್ಟೆಯ ಮೇಲಿದ್ದವರು ನಾಲ್ಕು ದಿಕ್ಕಿಗೂ ಹೊರಟಿದ್ದರು. ಹೆಂಗಸರು ಸೊಪ್ಪಿನ ತೋಟಗಳ ನಡುವೆ "ಬಾ ಬಾ" ಎಂದು ಕೂಗುತ್ತಿದ್ದರು. ನಮ್ಮ ಮನೆಯ ಮುಂದೆ ಆಗಲೇ ಎರಡು ಕರುಗಳನ್ನು ಹಿಡಿದು ತಂದು ನಿಲ್ಲಿಸಿದ್ದರು, ಅವುಗಳ ಯಜಮಾನರು ಬಂದು ತಮ್ಮದು ತಮ್ಮದೆಂದು ಜಗಳ ತೆಗೆದಿದ್ದರು. ಅಷ್ಟರಲ್ಲಿ ಕೊಟ್ಟಿಗೆಯೊಳಗಿನಿಂದ ನಮ್ಮ ಕರು ತಾನಿಲ್ಲಿದ್ದೇನೆ ಎಂದು ಅಂಬಾ ಎಂದಿತು.

ಎಲ್ಲರೂ ಅಜ್ಜಿಯ ಕಡೆ ತಿರುಗಿದರು. ಕುರಿ ಕಾಯುವ ಬೋರಣ್ಣನಿಗೆ ಮಾತ್ರ ನಗು ತಡೆಯಲಾಗಲಿಲ್ಲ. ಬೆಳಗ್ಗೆ ಕುರಿ ಹೊಡೆದುಕೊಂಡು ಹೋಗುವಾಗಲೇ ಅವನು ನಮ್ಮ ಕರುವನ್ನು ಕೊಟ್ಟಿಗೆಯಲ್ಲಿ ಕಂಡಿದ್ದ.

"ಕೆಂಪವ್ವ, ನಿನ್ ಕರ ಕೊಟ್ಗೇಲೇ ತಪ್ಪಿಸ್ಕಂಡಿತ್ತಲ್ಲವ್ವ!"

ಅಜ್ಜಿ ಒಳಗೆ ಹೋದವಳು ಎರಡು ದಿನ ಜಗಲಿಗೆ ಬರಲಿಲ್ಲ. ಹಗ್ಗ ಮತ್ತೆ ಗೂಟ ಸೇರಿತು. ಇನ್ನೆಂದೂ ಆ ಬೀದಿಯಲ್ಲಿ ಬರಿಗೈಯಲ್ಲಿ ನಡೆಯುವುದಿಲ್ಲ ಎಂದು ಅಮ್ಮನ ಮುಂದೆ ಆಣೆ ಹಾಕಿದಳು. ಗೂಟದ ಮೇಲೆ ಏರ್‌ಬ್ಯಾಗು ತೂಗಾಡುತ್ತಲೇ ಇತ್ತು.

ದಾರಿ ತೋರಿಸಿದವು ಹುಳುಗಳೇ. ಮೂರನೇ ದಿನ ಸೊಪ್ಪಿನ ಆಳು ತಡವಾಗಿ ಬಂದ. ಬರಿದಾದ ತಟ್ಟೆಗಳ ಮೇಲೆ ಹುಳುಗಳು ತಲೆಯಾಡಿಸುತ್ತಿದ್ದವು. ಅಜ್ಜಿಗೆ ಅದನ್ನು ನೋಡಲಾಗಲಿಲ್ಲ. ಆಗಷ್ಟೇ ಊಟ ಮುಗಿಸಿದ್ದವಳು ಚಪ್ಪಲಿ ಮೆಟ್ಟಿ ತೋಟಕ್ಕೆ ಹೋಗಿ, ಒಂದು ತೆಕ್ಕೆ ಸೊಪ್ಪು ಕೊಯ್ದು ತಂದು ಹಾಕಿದಳು. ಬೀದಿಯಲ್ಲಿ ಯಾರೂ ಏನೂ ಕೇಳಲಿಲ್ಲ. ಸೊಪ್ಪು ಹೊತ್ತವರನ್ನು ಕೇಳುವುದೇನಿದೆ? ಮರುದಿನದಿಂದ ಅದೇ ಪದ್ಧತಿಯಾಯಿತು. ಆಳು ಮಾಮೂಲಿನಂತೆ ಹೊರೆಗಳನ್ನು ತರುತ್ತಿದ್ದ. ಆದರೆ ಹುಳುವಿಗೆ ಮೇವು ಹಾಕುವ ಒಂದೊಂದು ಹೊತ್ತಿಗೂ ಒಂದು ತೆಕ್ಕೆ ಅಜ್ಜಿಯದು. ಹೋಗುತ್ತಾ ಕಾಲು ಗಂಟೆ, ಬರುತ್ತಾ ಕಾಲು ಗಂಟೆ, ಬೆಳಗ್ಗೆ ಊಟದ ಮೇಲೊಂದು, ಮಧ್ಯಾಹ್ನ ಊಟದ ಮೇಲೊಂದು, ಇಳಿಹೊತ್ತಿಗೊಂದು. ಅಪ್ಪ ಮೊದಲು ಸಿಟ್ಟಾದ. ತಾಯಿಯನ್ನು ಮತ್ತೆ ದುಡಿಸುತ್ತಿದ್ದಾನೆ ಎಂದು ಜನ ಆಡಿಕೊಳ್ಳುತ್ತಾರೆ ಎಂಬುದು ಅವನ ಅಳಲು.

"ನೀನು ಕುರ್ಚಿ ತಂದ್ಕೊಟ್ಟೆ, ಕಾಯ್ಲೆ ಬಂತು. ಈಗ ಒಸಿ ಸುಮ್ಕಿರ್ಲಾ" ಎಂದಳು ಅಜ್ಜಿ.

ಆ ವಾರಗಳು ನನ್ನ ಬಾಲ್ಯದ ಬಲು ಸೊಗಸಾದ ವಾರಗಳು. ನಾನು ಅವಳ ಜೊತೆಗೆ ತಪ್ಪದೆ ಹೋಗುತ್ತಿದ್ದೆ. ನಡೆಯುತ್ತಾ ನಡೆಯುತ್ತಾ ಅವಳಿಗೆ ಮಾತು ಬರುತ್ತಿತ್ತು. ಕುರ್ಚಿಯಲ್ಲಿ ಕೂತಿದ್ದಾಗ ಹುಕುಂ ಮಾತ್ರ ಹೊರಡುತ್ತಿದ್ದ ಬಾಯಲ್ಲಿ ಈಗ ಕಥೆ, ಗಾದೆ, ಒಗಟು, ತನ್ನ ಅತ್ತೆಯನ್ನು ಏಮಾರಿಸಿ ಬೆಲ್ಲ ತಿಂದ ಗುಟ್ಟುಗಳು. ಸಂಜೆ ಅವಳು ಕಾಲು ತೊಳೆದು ಬಂದರೆ ನಾನು ಅಂಗಾಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಬೆರಳ ಸಂದಿಗಳನ್ನೆಲ್ಲ ತಡವಿ ನೋಡಬೇಕು. ಅದೂ ಡಾಕ್ಟರ ಅಪ್ಪಣೆ. ಅವಳಿಗೆ ಮುಟ್ಟಿದ್ದು ಗೊತ್ತಾಗದ ಜಾಗಗಳು ಯಾವುವೆಂದು ನನಗೆ ಬಾಯಿಪಾಠವಾಗಿತ್ತು. ಒಂದು ಬೆಳಗ್ಗೆ ಮಾತ್ರ ಮಾತ್ರೆ ನುಂಗಿ, ಊಟ ಮಾಡುವುದನ್ನು ಮರೆತು, ತೋಟಕ್ಕೆ ಹೊರಟುಬಿಟ್ಟಿದ್ದಳು. ಅರ್ಧ ದಾರಿಯಲ್ಲಿ ಮೈ ಬೆವೆತು, ಕೈ ನಡುಗಿ, ಅಲ್ಲಿದ್ದ ಬೇವಿನ ಮರದ ಬುಡದಲ್ಲಿ ಒರಗಿಬಿಟ್ಟಳು. ನಾನು ಮನೆಗೆ ಓಡಿ ಬಂದು ಅಮ್ಮನಿಂದ ಬೆಲ್ಲದ ಚೂರು ಇಸಿದುಕೊಂಡು ಹೋಗಿ ಬಾಯಿಗಿಟ್ಟೆ. ಸ್ವಲ್ಪ ಹೊತ್ತಿಗೆಲ್ಲ ಎದ್ದು ಕೂತಳು. ಸಕ್ಕರೆ ತೀರಾ ಇಳಿದರೂ ಅಪಾಯ, ಉಣ್ಣದೆ ಹೊರಡಬೇಡಿ, ಸೆರಗಿನ ತುದಿಯಲ್ಲಿ ಬೆಲ್ಲದ ಚೂರು ಕಟ್ಟಿಕೊಂಡಿರಿ ಎಂದು ಡಾಕ್ಟರು ಹೇಳಿ ಕಳಿಸಿದರು. ಆ ಒಂದು ಮಾತು ಅಜ್ಜಿಗೆ ಎಲ್ಲಕ್ಕಿಂತ ರುಚಿಸಿತು. ಅಂದಿನಿಂದ ಆ ಬೇವಿನ ಮರ ಬಂದರೆ ಸಾಕು, ನಡುಕ ಶುರುವಾಗುತ್ತಿತ್ತು.

"ಪುಟ್ಟಿ, ಕೈ ನಡುಗ್ತಾ ಐತೆ ಕಣೇ."

"ಎಡಗೈ ಯಾಕೆ ನಡುಗ್ತಿಲ್ಲ?"

ಅವಳು ಎಡಗೈಯನ್ನೂ ನಡುಗಿಸುತ್ತಿದ್ದಳು. ಇಬ್ಬರೂ ನಗುತ್ತಾ ಸೊಪ್ಪು ಚೆಲ್ಲಿಕೊಂಡು ಬರುತ್ತಿದ್ದೆವು.

ಕೊಳವೆ ಇಟ್ಟಿಗೆಯಿಂದ ಹಳದಿಗೆ, ಹಳದಿಯಿಂದ ಹಸಿರಿಗೆ ಇಳಿಯಿತು. ಗೆದ್ದೆವೆಂದುಕೊಂಡೆವು. ಆಗ ಹುಳುಗಳಿಗೆ ನಾಲ್ಕನೇ ಜ್ವರ ಬಂತು. ಸೊಪ್ಪು ಬೇಡ, ಹಾಗಾಗಿ ತೋಟಕ್ಕೆ ಹೋಗುವುದೂ ಬೇಡ. ನಮ್ಮ ಯಾರ ತಲೆಗೂ ಬೇರೆ ಯೋಚನೆ ಬರಲೇ ಇಲ್ಲ. ಹುಳು ಕೂತರೆ ಮನೆ ಕೂರಬೇಕು, ಅದು ತಲೆತಲಾಂತರದ ನಡೆ. ಅಪ್ಪ ಒತ್ತಿಗೆ ಜೋತುಬಿದ್ದ, ಶಾವಿಗೆ ಇಳಿಯಿತು, ಅಜ್ಜಿ ಕುರ್ಚಿಯಲ್ಲಿ ಕೂತು ಎರಡು ತಟ್ಟೆ ಶಾವಿಗೆಗೆ ಕಾಯಿಹಾಲು ಸುರಿಸಿಕೊಂಡು ಉಂಡಳು. ದಿನಾ ನಡೆದು ದಣಿದಿದ್ದಾಳೆ, ಒಂದು ದಿನ ತಿನ್ನಲಿ ಎಂದು ಬಡಿಸಿದವಳು ಅಮ್ಮನೇ. ಮಾರನೆಯ ಬೆಳಗ್ಗೆ ಹುಣಸೆಮರದ ಕೆಳಗೆ ಕೊಳವೆ ಹಿಡಿದೆ. ಹಸಿರು ಬಂತು, ಹಳದಿ ಬಂತು, ನಿಲ್ಲಲಿಲ್ಲ. ಇಟ್ಟಿಗೆ.

ಅದೇ ದಿನ ತಾಯಿಯನ್ನು ನೋಡಲು ಬಂದಿದ್ದ ಜಯತ್ತೆ ಕೊಳವೆಯನ್ನು ನೋಡಿದವಳೇ ಗೂಟದಿಂದ ಬ್ಯಾಗು ಇಳಿಸಿದಳು. ಜಿಪ್ಪು ಎಳೆದು ಸೀರೆ ತುಂಬತೊಡಗಿದಳು. ಅಪ್ಪ ಅಡ್ಡ ಬಂದ. ಅಣ್ಣ ತಂಗಿಗೆ ಜಗಳ ಹತ್ತಿತು.

"ನಡೆದ್ರೆ ವಾಸಿ ಆಯ್ತದೆ ಅಂದ್ರಲ್ಲ, ಏನ್ ವಾಸಿ ಆಯ್ತು? ನಿಂಗೆ ಹುಳ ನೋಡ್ಕಳೋರು ಬೇಕು, ಅದ್ಕೇ ಅವ್ವನ್ನ ಬುಡಾಕಿಲ್ಲ ನೀನು!"

"ಏನ್ ಮಾತಾಡೀಯೆ ನೀನು? ನಾನು ಕುಂದ್ರಸ್ದೋನು, ಎಬ್ಬಿಸ್ದೋನಲ್ಲ!"

ಅಜ್ಜಿ ಹೊಸಿಲ ಮೇಲೆ ಕೂತು ತುಂಬುತ್ತಿದ್ದ ಬ್ಯಾಗನ್ನು ಮೊದಲ ಸಲ ನೆಟ್ಟ ಕಣ್ಣಿನಿಂದ ನೋಡಿದಳು. ಅವಳ ಗಲ್ಲ ನಡುಗುತ್ತಿತ್ತು, ಈ ಸಲ ಆಟವಾಗಿರಲಿಲ್ಲ. ನನಗೆ ಅಳು ಬಂತು. ಅಳುತ್ತಲೇ, ಯಾರೂ ಕೇಳದಿದ್ದರೂ, ನಾನು ಶಾವಿಗೆಯ ಮಾತು ತೆಗೆದೆ. ಮೂರನೇ ಜ್ವರಕ್ಕೆ ಶಾವಿಗೆ ತಿಂದ ಮಾರನೆಯ ದಿನವೂ ಕೊಳವೆ ಹಳದಿಗೆ ಏರಿತ್ತು. ಶಾವಿಗೆ ನನಗೆ ಅಷ್ಟು ಇಷ್ಟವಾದ್ದರಿಂದ ಆ ದಿನ ನೆನಪಿತ್ತು, ಅಷ್ಟೆ. ಅಮ್ಮ ಕೈಲಿದ್ದ ಪಾತ್ರೆ ಕೆಳಗಿಟ್ಟಳು. ಆ ಮನೆಯಲ್ಲಿ ಅತಿ ಕಡಿಮೆ ಮಾತಾಡುತ್ತಿದ್ದವಳು ಅವಳು.

"ಹುಳಕ್ಕೆ ಜ್ವರ ಬಂದ್ರೆ ಹುಳ ಕುಂತ್ಕತದೆ. ಅತ್ಯಮ್ಮ ಯಾಕೆ ಕುಂತ್ಕಂಡ್ರು? ನಾವೆಲ್ಲಾರೂ ಎಂಥ ದಡ್ರು!"

ಮೊದಲು ನಕ್ಕವಳು ಅಜ್ಜಿ. ಆಮೇಲೆ ಅಪ್ಪ. ಜಯತ್ತೆ ಅಳುತ್ತಾ ನಕ್ಕಳು. ಸೀರೆಗಳು ಪೆಟ್ಟಿಗೆಗೆ ಹಿಂದಿರುಗಿದವು. ಬ್ಯಾಗು ಮಾತ್ರ ಮತ್ತೆ ಗೂಟಕ್ಕೇ ಹೋಯಿತು, ಯಾಕೆಂದರೆ ಡಾಕ್ಟರ ಗಡುವು ಇನ್ನೂ ಮುಗಿದಿರಲಿಲ್ಲ.

ಗೂಡು ಬಿಡಿಸಿ ಮಾರುಕಟ್ಟೆಗೆ ಕಳಿಸಿದ ಮೇಲೆ ಮನೆಯಲ್ಲಿ ಕೆಲವು ವಾರ ಹುಳು ಇರಲಿಲ್ಲ. ಆಗ ಅಜ್ಜಿ ತಟ್ಟೆ ತೊಳೆಯಲೆಂದು ಕೆರೆಗೆ ನಡೆದಳು, ಗೊಬ್ಬರದ ಕುಕ್ಕೆ ಹೊತ್ತು ತೋಟಕ್ಕೆ ನಡೆದಳು. ಕೈಯಲ್ಲಿ ಏನಾದರೊಂದು ಇರಲೇಬೇಕು. ಮೂರು ತಿಂಗಳು ತುಂಬುವ ಹೊತ್ತಿಗೆ ಹೊಸ ಹುಳು ಬಂದು ಬೆಳೆದಿದ್ದವು. ಡಾಕ್ಟರು ಕರೆದ ದಿನ ಯಾವತ್ತಿಗೆ ಬಂದು ಬೀಳಬೇಕು? ನಾಲ್ಕನೇ ಜ್ವರ ಹತ್ತಿದ ಮಾರನೆಯ ದಿನಕ್ಕೆ! ಅಪ್ಪ ಹೆದರಿದ.

"ಎಲ್ಡು ದಿನ ಬುಟ್ಟು ಓಗಾನ ಅವ್ವ. ಹುಳ ಎದ್ಮೇಲೆ ಓಗಾನ."

"ಬ್ಯಾಡ. ಹುಳಕ್ಕೆ ಜ್ವರ ಬಂದೇ ಬತ್ತದೆ, ಬದುಕಿರೋಗಂಟ ಬತ್ತದೆ. ಜ್ವರದ ದಿನ ಗೆಲ್ನಿಲ್ಲ ಅಂದ್ರೆ ಯಾವತ್ತೂ ಗೆಲ್ಲಾಕಿಲ್ಲ. ನಾಳೇನೇ ಓಗಾದು."

ಶಾವಿಗೆಯನ್ನು ಅವಳು ತಪ್ಪಿಸಲಿಲ್ಲ. ಹುಳುವಿನ ಮೇಲಿನ ನಂಬಿಕೆ ಅದು. ಒತ್ತಿಸಿದಳು, ಎಳೆ ತುಂಡಾಗದ್ದನ್ನು ನೋಡಿದಳು, ಒಂದೇ ಹಿಡಿಯಷ್ಟನ್ನು ತಟ್ಟೆಗೆ ಹಾಕಿಸಿಕೊಂಡು ಕಾಯಿಹಾಲಿನ ಬದಲು ಸೊಪ್ಪಿನ ಉಪ್ಸಾರು ಬಿಟ್ಟುಕೊಂಡಳು. ಮುಖ ಕಿವುಚಿ ಉಂಡು ಕೈತೊಳೆದು, ಚಪ್ಪಲಿ ಮೆಟ್ಟಿದಳು. ತಟ್ಟೆಗಳೆಲ್ಲ ಹುಳುವಿನ ಕೆಳಗಿವೆ, ಗೊಬ್ಬರ ಮುಗಿದಿದೆ, ಸೊಪ್ಪು ಬೇಡ. ನಾನು ಹಗ್ಗ ತಂದುಕೊಡಲು ಹೋದೆ. ಅವಳು ತಲೆಯಾಡಿಸಿದಳು. ಎರಡೂ ಕೈ ಬರಿದು ಬಿಟ್ಟುಕೊಂಡು ಬೀದಿಗಿಳಿದಳು.

ಸಂಜೆಯ ಹೊತ್ತು, ಕಟ್ಟೆ ತುಂಬಾ ಜನ. ಬರಿಗೈಯನ್ನು ಏನು ಮಾಡಬೇಕೆಂದು ತಿಳಿಯದೆ ಅಜ್ಜಿ ಒಮ್ಮೆ ಸೆರಗಿಗೆ, ಒಮ್ಮೆ ಸೊಂಟಕ್ಕೆ ಕೊಡುತ್ತಿದ್ದಳು. ಎದುರಿನಿಂದ ಬೋರಣ್ಣ ಕುರಿ ಹೊಡೆದುಕೊಂಡು ಬರುತ್ತಿದ್ದ.

"ಎಲ್ಲಿಗೆ ಕೆಂಪವ್ವ? ಕರ ಮತ್ತೆ ತಪ್ಪಿಸ್ಕತಾ?"

ಕಟ್ಟೆ ಗೊಳ್ಳೆಂದಿತು. ಅಜ್ಜಿ ನಿಂತಳು. ವಾಪಸು ತಿರುಗುತ್ತಾಳೆ ಎಂದು ನಾನು ಅವಳ ಸೆರಗು ಹಿಡಿದುಕೊಂಡೆ.

"ಎಲ್ಲಿಗೂ ಇಲ್ಲ ಕಣ್ಲಾ ಬೋರ. ಸುಮ್ಕೆ ನಡೀತಾ ಇವ್ನಿ. ಸಕ್ರೆ ಕಾಯ್ಲೆ ಬಂದೈತೆ ನಂಗೆ. ನಡೀನಿಲ್ಲ ಅಂದ್ರೆ ಈ ಊರು ಬುಟ್ಟು ಓಗ್ಬೇಕಂತೆ. ನಂಗೆ ಓಗಾಕೆ ಇಷ್ಟ ಇಲ್ಲ. ಅದ್ಕೇ ನಡೀತಾ ಇವ್ನಿ."

ಕಟ್ಟೆಯ ನಗು ನಿಂತಿತು. ಬೋರಣ್ಣ ಕೋಲು ಅಡ್ಡ ಹಿಡಿದು ಕುರಿಗಳನ್ನು ಬೀದಿಯ ಒಂದು ಬದಿಗೆ ಒತ್ತರಿಸಿದ.

"ಅದ್ಯಾಕೆ ಊರು ಬುಟ್ಟೀಯೆ? ನಡಿ ಅತ್ಲಾಗೆ. ನಾನು ದಿನಾ ನಡೆಯಾಕಿಲ್ವಾ, ನನ್ನ ಯಾರು ಕೇಳ್ತಾರೆ? ಲೇ, ದಾರಿ ಬುಡ್ರಲಾ!"

ಅಜ್ಜಿ ಕೆರೆ ಏರಿಯ ಕೊನೆಯವರೆಗೆ ನಡೆದಳು. ಬರುವಾಗ ಅವಳ ಕೈಗಳು ಹೆಜ್ಜೆಗೆ ತಕ್ಕಂತೆ ಬೀಸಾಡುತ್ತಿದ್ದವು. ಬೆಳಗ್ಗೆ ಊಟದ ಮೇಲೆ ಇನ್ನೊಂದು ಸುತ್ತು. ಆಮೇಲೆ ಮೊಪೆಡ್ಡು ಬೇಡವೆಂದು ಅಪ್ಪನೂ ಸೇರಿ ಮೂವರೂ ವಿರೂಪಾಕ್ಷಿಪುರದವರೆಗೆ ನಡೆದೇ ಬಂದು ಬಸ್ಸು ಹತ್ತಿದೆವು. ಜಯತ್ತೆ ರಾಮನಗರದಿಂದ ನೇರ ಡಾಕ್ಟರ ಹತ್ತಿರವೇ ಬಂದಿದ್ದಳು. ಡಾಕ್ಟರು ಕೊಳವೆ ಕಾಯಿಸಿದರು. ನಾವು ನಾಲ್ವರೂ ಕೊಳವೆಯ ಕಡೆ ಬಾಗಿ ನೋಡಿದೆವು. ನೀಲಿ ಸ್ವಲ್ಪ ತಿರುಗಿತು, ತಿಳಿ ಹಸಿರಾಯಿತು, ಅಲ್ಲೇ ನಿಂತಿತು. ಇನ್ನಷ್ಟು ಕಾಯಿಸಿದರು. ಕದಲಲಿಲ್ಲ.

"ಸೂಜಿ ಬೇಡ ಅಮ್ಮ. ಆದ್ರೆ ನಡಿಗೆ ಬಿಡೋ ಹಾಗಿಲ್ಲ, ಒಂದು ದಿನಾನೂ."

ಈ ಸಲ ನಾನು ಚಪ್ಪಾಳೆ ತಟ್ಟಿದಾಗ ಡಾಕ್ಟರು ದುರುಗುಟ್ಟಲಿಲ್ಲ. ಜಯತ್ತೆ ತಾಯಿಯ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

ಮನೆಗೆ ಬಂದರೆ ಹುಳುಗಳು ಜ್ವರದಿಂದ ಎದ್ದಿದ್ದವು. ಹೊಸ ಚರ್ಮ ತೊಟ್ಟು, ಹಸಿದು, ತಟ್ಟೆಯ ಅಂಚಿನವರೆಗೂ ಬಂದು ತಲೆಯಾಡಿಸುತ್ತಿದ್ದವು. ಆಳು ಇನ್ನೂ ಬಂದಿರಲಿಲ್ಲ. ಅಜ್ಜಿ ಗೂಟದಿಂದ ಕೆಂಪು ಏರ್‌ಬ್ಯಾಗನ್ನು ಇಳಿಸಿ, ಧೂಳು ಕೊಡವಿ, ತೋಳಿಗೆ ಹಾಕಿಕೊಂಡು ಹೊರಟಳು. ತೋಟದಲ್ಲಿ ಅದರ ಬಾಯಿ ಅಗಲಿಸಿ, ನಾವಿಬ್ಬರೂ ಸೊಪ್ಪು ಒತ್ತಿ ಒತ್ತಿ ತುಂಬಿದೆವು, ಜಿಪ್ಪು ಹಾಕಲಾಗಲಿಲ್ಲ. ಬರುವ ದಾರಿಯಲ್ಲಿ ಬೋರಣ್ಣ ಸಿಕ್ಕ. ತೋಳಿನಲ್ಲಿದ್ದ ಬ್ಯಾಗು ಕಂಡು ಅವನ ಮುಖ ಸಣ್ಣದಾಯಿತು.

"ಎಲ್ಲಿಗೆ ಕೆಂಪವ್ವ, ಬ್ಯಾಗು ಇಡ್ಕಂಡು?"

ಅಜ್ಜಿ ನಡಿಗೆ ನಿಲ್ಲಿಸಲಿಲ್ಲ.

"ಮನೆಗೆ ಕಣ್ಲಾ."